ಸಹವಾಚಕರಿಗೆ ಪುಸ್ತಕ ಸೂಚಿಸುವ ಬಗೆ

ಗ್ರಂಥಾಲಯದಲ್ಲಿ ಪುಸ್ತಕವಿರುವುದು ಒಂದು ಸಂಗತಿ. ಆ ಪುಸ್ತಕವು ತಕ್ಕ ವಾಚಕನ ಕೈಯನ್ನು ಸೇರುವುದು ಮತ್ತೊಂದು ಸಂಗತಿ. ಮೊದಲನೆಯದಕ್ಕೆ ಹಣ, ಬೀರು, ಕಟ್ಟಡಗಳಿದ್ದರೆ ಸಾಕು. ಎರಡನೆಯದು ಅಷ್ಟು ಸುಲಭವಾಗಿ ಕೈಗೂಡುವುದಿಲ್ಲ. ಯಾವ ಊರಿನ ವಾಚನಾಲಯಕ್ಕೆ ಹೋಗಿ ಕಾದಂಬರಿಗಳ ಸಾಲನ್ನು ನೋಡಿದರೂ ಒಂದು ವೈಚಿತ್ರ್ಯ ಕಣ್ಣಿಗೆ ಬೀಳುತ್ತದೆ. ಹತ್ತಾರು ಪುಸ್ತಕಗಳು ಕೈಯಿಂದ ಕೈಗೆ ದಾಟಿ, ರಟ್ಟು ಸಡಿಲಿ, ಪುಟಗಳ ಮೂಲೆ ಮಡಿಸಿಕೊಂಡು, ಎರಡು ಮೂರು ಸಲ ಹೊಲಿಗೆ ಹಾಕಿಸಿಕೊಂಡು ನಿಂತಿರುತ್ತವೆ. ಅವುಗಳ ಪಕ್ಕದಲ್ಲಿಯೇ, ಗುಣದಲ್ಲಿ ಅವುಗಳಿಗೆ ಕಡಿಮೆಯಲ್ಲದ ಪುಸ್ತಕವೊಂದು ಇಪ್ಪತ್ತು ವರ್ಷಗಳಿಂದ ಹೊಸದಾಗಿಯೇ ಉಳಿದಿರುತ್ತದೆ. ಅದರೊಳಗೆ ಅಂಟಿಸಿದ ದಿನಾಂಕದ ಚೀಟಿಯಲ್ಲಿ ಒಂದು ಮುದ್ರೆಯೂ ಇರುವುದಿಲ್ಲ. ಹೊಸ ಪುಸ್ತಕಗಳಿಗೆ ಸ್ಥಳ ಸಾಲದೆ ಹಳೆಯವನ್ನು ತೆಗೆಯಬೇಕಾಗಿ ಬಂದಾಗ ಗ್ರಂಥಪಾಲಕರ ದೃಷ್ಟಿ ಮೊದಲು ಹೋಗುವುದು ಇಂತಹ ಪುಸ್ತಕದ ಮೇಲೆಯೇ. ಮರುಮುದ್ರಣ ಕಾಣದ ಕೃತಿಯಾಗಿದ್ದರೆ, ಆ ಊರಿನ ಮಟ್ಟಿಗೆ ಅದರ ಆಯುಷ್ಯ ಅಲ್ಲಿಗೆ ತೀರಿತು.

ಒಂದು ಪುಸ್ತಕ ಸವೆದು ಇನ್ನೊಂದು ಹಾಗೆಯೇ ಉಳಿಯುವುದಕ್ಕೆ ಗುಣದೋಷಗಳೇ ಕಾರಣವೆಂದು ಭಾವಿಸುವುದು ತಪ್ಪು. ಬಹುಮಟ್ಟಿಗೆ ಕಾರಣ ಇಷ್ಟೇ: ಮೊದಲನೆಯದರ ವಿಷಯವಾಗಿ ಯಾರೋ ಯಾರಿಗೋ ಹೇಳಿದರು, ಎರಡನೆಯದರ ವಿಷಯವಾಗಿ ಯಾರೂ ಹೇಳಲಿಲ್ಲ. ಚಲನಚಿತ್ರವೂ ಹೇಳುತ್ತದೆ, ಪ್ರಶಸ್ತಿಯೂ ಹೇಳುತ್ತದೆ. ತ್ರಿವೇಣಿಯವರ ‘ಶರಪಂಜರ’ವು ೧೯೭೧ರಲ್ಲಿ, ತ.ರಾ.ಸು. ಅವರ ‘ನಾಗರಹಾವು’ ೧೯೭೨ರಲ್ಲಿ ಚಿತ್ರಗಳಾದವು. ಅನಂತರ ಆ ಕಾದಂಬರಿಗಳನ್ನು ಕೇಳಿಕೊಂಡು ಬರುವವರಿಗೆ ಅವುಗಳ ಹೆಸರನ್ನು ಮತ್ತಾರೂ ಹೇಳಿಕೊಡಬೇಕಾಗಿರಲಿಲ್ಲ. ಆದರೆ ಚಿತ್ರವಾಗದ, ಪ್ರಶಸ್ತಿಗೆ ಬಾರದ ನೂರಾರು ಒಳ್ಳೆಯ ಪುಸ್ತಕಗಳಿಗೆ ವಾಚಕನ ಬಾಯಿಯೇ ಗತಿ.

ಮುದ್ರಣವಿಲ್ಲದ ಕಾಲದಲ್ಲಿ ಪುಸ್ತಕವನ್ನು ಮೆಚ್ಚಿದವನು ಅದನ್ನು ಪ್ರತಿಮಾಡುತ್ತಿದ್ದನು ಅಥವಾ ಪ್ರತಿಮಾಡಿಸುತ್ತಿದ್ದನು. ಒಂದು ಓಲೆಗಟ್ಟನ್ನು ಕಂಠದಿಂದ ಕೊರೆದು ಮುಗಿಸಲು ತಿಂಗಳುಗಳು ಹಿಡಿಯುತ್ತಿದ್ದುದರಿಂದ ಆ ಮೆಚ್ಚುಗೆ ಹಗುರವಾದುದಾಗಿರಲಿಲ್ಲ. ಪ್ರತಿಯ ಕೊನೆಯಲ್ಲಿ ಲಿಪಿಕಾರನು ಎಣ್ಣೆಯಿಂದ, ನೀರಿನಿಂದ, ಸಡಿಲವಾದ ಕಟ್ಟಿನಿಂದ ಗ್ರಂಥವನ್ನು ಕಾಪಾಡಬೇಕೆಂದು ಪ್ರಾರ್ಥಿಸಿಕೊಂಡು, ಮೂರ್ಖನ ಕೈಗೆ ಮಾತ್ರ ಕೊಡಬಾರದೆಂದು ಎಚ್ಚರಿಸುತ್ತಿದ್ದುದುಂಟು. ಪಟ್ಟ ಶ್ರಮವನ್ನು ನೆನೆದರೆ ಆ ಎಚ್ಚರಿಕೆಯನ್ನು ತಪ್ಪೆನ್ನಲಾಗದು. ಓದುಬಲ್ಲವರು ಕೆಲವರೇ ಆಗಿದ್ದ ಆ ದಿನಗಳಲ್ಲಿ ಉಳಿದವರಿಗೆ ಕಾವ್ಯವು ದೊರೆಯುತ್ತಿದ್ದುದು ಕಿವಿಯಿಂದ. ಗುಡಿಯ ಅಂಗಳದಲ್ಲಿ, ಮಠದ ಪಡಸಾಲೆಯಲ್ಲಿ ಕುಮಾರವ್ಯಾಸನ ಭಾರತವನ್ನೋ ಚಾಮರಸನ ‘ಪ್ರಭುಲಿಂಗಲೀಲೆ’ಯನ್ನೋ ಒಬ್ಬರು ವಾಚಿಸಿದರೆ ಮತ್ತೊಬ್ಬರು ಅರ್ಥ ಹೇಳುತ್ತಿದ್ದರು. ಯಾವ ಸಂಧಿಯನ್ನು ಯಾವ ಸಭೆಯಲ್ಲಿ ಓದಬೇಕೆಂಬುದನ್ನು ನಿರ್ಧರಿಸುತ್ತಿದ್ದ ಗಮಕಿಯು ಇಂದಿನ ಮಾತಿನಲ್ಲಿ ಹೇಳುವುದಾದರೆ ಶ್ರೇಷ್ಠನಾದ ಸೂಚಕನೇ ಆಗಿದ್ದನು.

ಅಚ್ಚಿನ ಕಾಲ ಬಂದ ಮೇಲೆ ಪುಸ್ತಕಗಳು ಹೆಚ್ಚಿದವು. ಆದರೆ ವಾಚಕರು ತಾವಾಗಿಯೇ ಹೆಚ್ಚಲಿಲ್ಲ. ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ ಪ್ರಕಟವಾದುದು ೧೮೯೯ರಲ್ಲಿ. ಅದಕ್ಕೆ ಮೊದಲೇ ಬಿ. ವೆಂಕಟಾಚಾರ್ಯರು ಬಂಗಾಳಿಯ ಬಂಕಿಮಚಂದ್ರರನ್ನು ಕನ್ನಡಕ್ಕೆ ತರಲು ತೊಡಗಿದ್ದರು. ಉತ್ತರದಲ್ಲಿ ಗಳಗನಾಥರು ಕಾದಂಬರಿಗಳನ್ನು ಬರೆದುದಲ್ಲದೆ ಪುಸ್ತಕದ ಹೊರೆಯನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದರು. ಗ್ರಂಥಕರ್ತನೇ ಮನೆಯ ಬಾಗಿಲಿಗೆ ಬಂದು ನಿಂತು ಇದನ್ನು ಓದಿರಿ ಎಂದು ಹೇಳಿದಾಗ ಇಲ್ಲವೆನ್ನುವ ಧೈರ್ಯ ಎಷ್ಟು ಮಂದಿಗಿದ್ದೀತು? ವಚನ ವಾಙ್ಮಯದ ಕಥೆಯೂ ಇಂತಹುದೇ. ಫ.ಗು. ಹಳಕಟ್ಟಿಯವರು ಓಲೆಗಟ್ಟುಗಳನ್ನು ಅರಸಿ ತಂದು ೧೯೨೩ರಲ್ಲಿ ‘ವಚನಶಾಸ್ತ್ರ ಸಾರ’ವನ್ನು ಹೊರತಂದರು, ಮುದ್ರಣಾಲಯಕ್ಕಾಗಿ ಮನೆಯನ್ನೇ ಮಾರಿದರು. ೧೯೨೬ರಲ್ಲಿ ‘ಶಿವಾನುಭವ’ ಪತ್ರಿಕೆಯನ್ನು ಆರಂಭಿಸಿ ಆ ಸಾಹಿತ್ಯಕ್ಕೆ ಓದುಗರನ್ನೂ ಸಿದ್ಧಪಡಿಸಿದರು. ಪುಸ್ತಕವನ್ನು ಉಳಿಸುವುದೂ ಅದಕ್ಕೆ ವಾಚಕನನ್ನು ಹುಡುಕುವುದೂ ಒಂದೇ ಕೆಲಸದ ಎರಡು ಭಾಗಗಳೆಂಬುದನ್ನು ಅವರು ಅರಿತಿದ್ದರು.

ಈ ಅರಿವನ್ನು ಶಾಸ್ತ್ರವಾಗಿ ನಿರೂಪಿಸಿದವರು ಶಿಯಾಳಿ ರಾಮಾಮೃತ ರಂಗನಾಥನ್ ಅವರು. ಮದರಾಸಿನಲ್ಲಿ ಗಣಿತದ ಅಧ್ಯಾಪಕರಾಗಿದ್ದ ಅವರು ೧೯೨೪ರಲ್ಲಿ ಅಲ್ಲಿಯ ವಿಶ್ವವಿದ್ಯಾನಿಲಯದ ಗ್ರಂಥಪಾಲಕರಾದರು. ೧೯೩೧ರಲ್ಲಿ ಗ್ರಂಥಾಲಯ ಶಾಸ್ತ್ರದ ಪಂಚಸೂತ್ರಗಳನ್ನು ಪ್ರಕಟಿಸಿದರು. ಅವರ ಕೊನೆಯ ವರ್ಷಗಳು ಕಳೆದುದು ಬೆಂಗಳೂರಿನಲ್ಲಿ. ೧೯೬೨ರಲ್ಲಿ ಅಲ್ಲಿ ಪ್ರಲೇಖನ ಸಂಶೋಧನೆ ಮತ್ತು ತರಬೇತಿಯ ಕೇಂದ್ರವನ್ನು ಸ್ಥಾಪಿಸಿ, ೧೯೭೨ರಲ್ಲಿ ಅಲ್ಲಿಯೇ ಕಾಲವಾದರು. ಪುಸ್ತಕಗಳಿರುವುದು ಬಳಕೆಗಾಗಿ, ಪ್ರತಿಯೊಬ್ಬ ವಾಚಕನಿಗೂ ಅವನ ಪುಸ್ತಕ, ಪ್ರತಿಯೊಂದು ಪುಸ್ತಕಕ್ಕೂ ಅದರ ವಾಚಕ, ವಾಚಕನ ಕಾಲವನ್ನು ಉಳಿಸಬೇಕು, ಗ್ರಂಥಾಲಯವು ಬೆಳೆಯುವ ಜೀವಿ. ಇವು ಆ ಐದು ಸೂತ್ರಗಳ ತಾತ್ಪರ್ಯ. ಮೂರ್ಖನಿಗೆ ಕೊಡಬೇಡವೆಂದ ಲಿಪಿಕಾರನಿಗೂ, ಪ್ರತಿಯೊಂದು ಪುಸ್ತಕಕ್ಕೂ ವಾಚಕನನ್ನು ಹುಡುಕಬೇಕೆಂದ ರಂಗನಾಥನ್ ಅವರಿಗೂ ನಡುವೆ ಎಷ್ಟು ದೂರ! ಮೂರನೆಯ ಸೂತ್ರವನ್ನು ಗ್ರಂಥಪಾಲಕನೊಬ್ಬನೇ ನೆರವೇರಿಸಲಾರನು. ಅನೇಕ ಊರುಗಳಲ್ಲಿ ಪುಸ್ತಕಗಳು ಇಂದಿಗೂ ಬೀಗ ಹಾಕಿದ ಗಾಜಿನ ಬೀರುವಿನೊಳಗೆ ಇರುತ್ತವೆ. ಹೊರಗೆ ನಿಂತವನಿಗೆ ಕಾಣುವುದು ಬೆನ್ನಿನ ಮೇಲಿನ ಹೆಸರು ಮಾತ್ರ. ಕೈಗೆತ್ತಿಕೊಂಡು ನಾಲ್ಕು ಪುಟ ತಿರುವಿ ನೋಡುವ ಅವಕಾಶವಿಲ್ಲ. ಅಂತಹ ಕಡೆ ಹಿಂದೆ ಓದಿದವನ ಮಾತೇ ಬೀಗದ ಕೈ.

ಇನ್ನು ಸೂಚಿಸುವ ರೀತಿ. ಉಪದೇಶದಲ್ಲಿ ಮೂರು ಬಗೆಯೆಂದು ನಮ್ಮ ಆಲಂಕಾರಿಕರು ಹೇಳುತ್ತಾರೆ: ಪ್ರಭುಸಂಮಿತ, ಸುಹೃತ್ಸಂಮಿತ, ಕಾಂತಾಸಂಮಿತ. ಅರಸನಂತೆ ಆಜ್ಞಾಪಿಸುವುದು ಮೊದಲನೆಯದು. ಗೆಳೆಯನಂತೆ ಹಿತವನ್ನು ತಿಳಿಯಹೇಳುವುದು ಎರಡನೆಯದು. ಪ್ರಿಯೆಯಂತೆ ಮನಸ್ಸನ್ನು ರಸದಿಂದ ಒಲಿಸಿಕೊಳ್ಳುವುದು ಮೂರನೆಯದು. ಮೂರನೆಯದು ಕಾವ್ಯಕ್ಕೇ ಸೇರಿದ್ದರಿಂದ ಕಾದಂಬರಿಯು ತಾನೇ ಅದನ್ನು ಮಾಡಿಕೊಳ್ಳುತ್ತದೆ. ಶಾಲೆಯ ಪಠ್ಯಪುಸ್ತಕ ಮೊದಲನೆಯ ಬಗೆಯದು. ಅದನ್ನು ಓದದಿದ್ದರೆ ಪರೀಕ್ಷೆಯಲ್ಲಿ ದಂಡನೆಯುಂಟು. ಉಪನ್ಯಾಸಕ್ಕೆ ಇಟ್ಟ ಕಾದಂಬರಿಯನ್ನು ಮುಂದೆ ಜೀವಮಾನದಲ್ಲಿ ಮುಟ್ಟದವರು ಎಷ್ಟು ಮಂದಿಯಿಲ್ಲ! ಸಹವಾಚಕನಿಗೆ ಉಳಿದಿರುವುದು ಎರಡನೆಯ ಮಾರ್ಗ. ಇದನ್ನು ನೀವು ಓದಲೇಬೇಕು, ಇದನ್ನು ಓದದವನು ಓದುಗನೇ ಅಲ್ಲ, ಎಂಬಂತಹ ಮಾತುಗಳು ಗೆಳೆಯನ ಬಾಯಲ್ಲಿ ಬಂದರೂ ಅರಸನ ಮಾತುಗಳೇ. ವಿದ್ಯಾರ್ಥಿಯು ತನ್ನ ಗುರುಗಳಿಗೆ ಪುಸ್ತಕವನ್ನು ಸೂಚಿಸುವ ಪ್ರಸಂಗವೂ ಗ್ರಂಥಾಲಯದಲ್ಲಿ ಬರುತ್ತದೆ. “ಗುರುಗಳೇ, ಇದು ನನಗೆ ಬಹಳ ಹಿಡಿಸಿತು, ತಮಗೆ ಹೇಗೆ ತೋರುವುದೋ ತಿಳಿಯಬೇಕೆಂದು ಆಸೆ” ಎಂದು ಆತ ಹೇಳಿದರೆ ಅದರಲ್ಲಿ ಅವಿನಯವೂ ಇಲ್ಲ, ಸಂಕೋಚಕ್ಕೂ ಕಾರಣವಿಲ್ಲ.

ಶಾಸ್ತ್ರಗ್ರಂಥಗಳ ಆರಂಭದಲ್ಲಿ ಅನುಬಂಧ ಚತುಷ್ಟಯವನ್ನು ಹೇಳುವ ಸಂಪ್ರದಾಯವಿದೆ. ಈ ಗ್ರಂಥಕ್ಕೆ ಅಧಿಕಾರಿ ಯಾರು, ಇದರ ವಿಷಯವೇನು, ಪ್ರಯೋಜನವೇನು, ಇವುಗಳ ಸಂಬಂಧವೇನು ಎಂಬ ನಾಲ್ಕು ಅಂಶಗಳವು. ಕಾದಂಬರಿಯನ್ನು ಸೂಚಿಸುವವರು ಸಾಮಾನ್ಯವಾಗಿ ವಿಷಯವನ್ನು ಹೇಳಿ ಮುಗಿಸುತ್ತಾರೆ. ಆದರೆ ಎಲ್ಲಕ್ಕಿಂತ ಮುಖ್ಯವಾದುದು ಅಧಿಕಾರಿಯ ವಿಚಾರ. ಇಲ್ಲಿ ಅಧಿಕಾರಿ ಎಂದರೆ ಕುಲದಿಂದಲೋ ಪದವಿಯಿಂದಲೋ ಅರ್ಹನಾದವನು ಎಂದರ್ಥವಲ್ಲ. ಈ ಹೊತ್ತಿನಲ್ಲಿ ಈ ಪುಸ್ತಕವನ್ನು ಸ್ವೀಕರಿಸಲು ಮನಸ್ಸು ಅಣಿಯಾಗಿರುವವನು ಎಂದರ್ಥ.

ಎಸ್.ಎಲ್. ಭೈರಪ್ಪನವರ ‘ಗೃಹಭಂಗ’ವನ್ನು ತೆಗೆದುಕೊಳ್ಳಬಹುದು. ೧೯೭೦ರಲ್ಲಿ ಪ್ರಕಟವಾದ ಈ ಕಾದಂಬರಿ ಕನ್ನಡದ ಬಲವಾದ ಕೃತಿಗಳಲ್ಲೊಂದು. ನಂಜಮ್ಮನೆಂಬ ಗೃಹಿಣಿ ಬಡತನವನ್ನೂ, ಕೈಲಾಗದ ಗಂಡನನ್ನೂ, ಬಾಯಿ ಹರಿಯಬಿಡುವ ಅತ್ತೆಯನ್ನೂ ಎದುರಿಸಿ ಸಂಸಾರವನ್ನು ನಿಲ್ಲಿಸಲು ಹೆಣಗುತ್ತಾಳೆ. ಪ್ಲೇಗು ಬಂದು ಮನೆಯ ಮಕ್ಕಳನ್ನು ಒಯ್ಯುವ ಭಾಗವಂತೂ ಕಲ್ಲೆದೆಯನ್ನೂ ಕರಗಿಸುವಂತಹುದು. ಈಚೆಗೆ ಮಗುವನ್ನು ಕಳೆದುಕೊಂಡ ತಾಯಿಯೊಬ್ಬಳು ಹೊತ್ತು ಕಳೆಯಲು ಒಳ್ಳೆಯದೊಂದು ಪುಸ್ತಕ ಬೇಕೆಂದು ವಾಚನಾಲಯಕ್ಕೆ ಬಂದರೆ, ಎದುರಿನವರು ಕೃತಿಯ ಗುಣವನ್ನಷ್ಟೇ ನೆನೆದು ಇದನ್ನು ಕೈಗಿಟ್ಟರೆ ಏನಾದೀತು? ಕೃತಿಯಲ್ಲಿ ದೋಷವಿಲ್ಲ, ಓದುವವಳಲ್ಲಿಯೂ ದೋಷವಿಲ್ಲ. ಆದರೂ ಒಂದು ಅಪಚಾರ ನಡೆದುಹೋಗುತ್ತದೆ. ‘ಶರಪಂಜರ’ದ ವಿಷಯವೂ ಹಾಗೆಯೇ. ಮನೋರೋಗದಿಂದ ಗುಣಹೊಂದಿ ಬಂದ ಹೆಂಗಸನ್ನು ಮನೆಯವರೂ ನೆರೆಯವರೂ ಹೇಗೆ ನೋಡುತ್ತಾರೆಂಬುದೇ ಅದರ ತಿರುಳು. ಅಂತಹ ರೋಗಿಯಿರುವ ಮನೆಯ ಗಂಡನಿಗೋ ಅತ್ತೆಗೋ ಅದನ್ನು ಓದಿಸುವುದರಿಂದ ಎಷ್ಟೋ ಒಳಿತಾದೀತು. ರೋಗದಿಂದ ಈಗತಾನೇ ಎದ್ದವಳಿಗೇ ಕೊಡುವ ಮುನ್ನ ಎರಡು ಸಲ ಯೋಚಿಸಬೇಕು.

ಇದರ ಇನ್ನೊಂದು ಪಕ್ಷವೂ ಉಂಟು. ದುಃಖದಲ್ಲಿರುವವರೆಲ್ಲರೂ ನಗೆಯ ಪುಸ್ತಕವನ್ನೇ ಬಯಸುತ್ತಾರೆಂದು ತಿಳಿಯಬಾರದು. ತಮ್ಮ ನೋವನ್ನು ಮತ್ತೊಬ್ಬರ ಬಾಳಿನಲ್ಲಿ ಕಂಡು ಹಗುರವಾಗುವ ಮನಸ್ಸುಗಳಿವೆ; ಕರುಣರಸವು ಆನಂದವನ್ನೇ ಕೊಡುತ್ತದೆಂದು ಪ್ರಾಚೀನರು ಒಪ್ಪಿರುವುದು ಸುಮ್ಮನೆಯಲ್ಲ. ಆದಕಾರಣ ಪುಸ್ತಕವನ್ನು ಮುಚ್ಚಿಡಬೇಕಾಗಿಲ್ಲ. “ಇದರಲ್ಲಿ ಮಕ್ಕಳ ಸಾವಿನ ಪ್ರಸಂಗ ಬರುತ್ತದೆ, ತಾಯಿ, ಈಗ ಬೇಡವಾದರೆ ಮುಂದೆ ಎಂದಾದರೂ ಓದಬಹುದು” ಎಂದು ಮೊದಲೇ ತಿಳಿಸಿ ಆಯ್ಕೆಯನ್ನು ಅವರಿಗೇ ಬಿಟ್ಟರೆ ಸಾಕು. ಇಂತಹ ಒಂದು ವಾಕ್ಯವನ್ನು ಯಾವ ಗ್ರಂಥಸೂಚಿಯೂ ಹೇಳಲಾರದು.

ಅಧಿಕಾರಿಯ ವಿಚಾರದಲ್ಲಿ ಗಮನಿಸಬೇಕಾದ ಮತ್ತೊಂದು ಅಂಶ ಪ್ರಾದೇಶಿಕ ಭಾಷೆ. ಕನ್ನಡ ಕಾದಂಬರಿಗಳ ಸೊಗಸೆಲ್ಲ ಬಹುಮಟ್ಟಿಗೆ ಆಯಾ ಸೀಮೆಯ ಮಾತಿನಲ್ಲಿದೆ. ಹೊರಗಿನ ವಾಚಕ ಮುಗ್ಗರಿಸುವುದೂ ಅಲ್ಲಿಯೇ. ವಿಜಯಪುರದ ಕಡೆಯ ವಾಚಕನಿಗೆ ರಾವಬಹಾದ್ದೂರರ ‘ಗ್ರಾಮಾಯಣ’ದ ಪಾದಳ್ಳಿ ತನ್ನ ಊರೇ ಎನಿಸುತ್ತದೆ, ಗೌಡಕಿ, ಜಗಳ, ರೋಗರುಜಿನ, ಮಠಮಾನ್ಯಗಳ ನಡುವೆ ಒಂದು ಹಳ್ಳಿಯೇ ನಾಯಕನಾಗಿ ನಿಲ್ಲುವ ಈ ಕೃತಿ ೧೯೫೭ರಷ್ಟು ಹಿಂದಿನದು. ಮೈಸೂರಿನ ವಾಚಕನು ಅದೇ ಪುಸ್ತಕವನ್ನು ಇಪ್ಪತ್ತು ಪುಟಗಳಿಗೆ ಕೆಳಗಿಟ್ಟರೆ ಅವನನ್ನು ಅರಸಿಕನೆಂದು ಜರೆಯುವುದರಲ್ಲಿ ಅರ್ಥವಿಲ್ಲ. ಐವತ್ತು ಪುಟ ತಾಳಿಕೊಳ್ಳಿ, ಆಮೇಲೆ ಭಾಷೆ ತಾನೇ ಕೈಹಿಡಿದು ನಡೆಸುತ್ತದೆ ಎಂದು ಮುಂಚಿತವಾಗಿ ಹೇಳಿದ್ದರೆ ಆತ ನಿಲ್ಲುತ್ತಿರಲಿಲ್ಲವೇನೋ. ಶಿವರಾಮ ಕಾರಂತರ ‘ಮರಳಿ ಮಣ್ಣಿಗೆ’ಯೂ ಮೂರು ತಲೆಮಾರುಗಳ ಕಥೆ, ಕಡಲತಡಿಯ ಮಳೆ, ಹೊಳೆ, ಗದ್ದೆಗಳ ಗತಿಯಲ್ಲಿಯೇ ಸಾಗುತ್ತದೆ. ಅವಸರದ ವಾಚಕನಿಗೆ ಮೊದಲು ‘ಚೋಮನ ದುಡಿ’ಯನ್ನು ಕೊಟ್ಟು, ಕಾರಂತರ ಕೈವಾಡ ರುಚಿಸಿದ ಮೇಲೆ ಇದನ್ನು ಕೊಡುವುದು ಲೇಸು. ೧೯೩೩ರ ಆ ಕಿರುಕಾದಂಬರಿಯನ್ನು ಒಂದು ಬೈಠಕ್ಕಿನಲ್ಲಿ ಮುಗಿಸಬಹುದು. ಕುವೆಂಪು ಅವರ ವಿಷಯದಲ್ಲಿಯೂ ಈ ಕ್ರಮ ಸಲ್ಲುತ್ತದೆ. ‘ಮಲೆಗಳಲ್ಲಿ ಮದುಮಗಳು’ ಕಾಡಿನಂತೆಯೇ ದಟ್ಟವಾದುದು. ಅದಕ್ಕಿಂತ ಮೂರು ದಶಕ ಹಿಂದಿನ ‘ಕಾನೂರು ಹೆಗ್ಗಡಿತಿ’ಯಲ್ಲಿ ಕಥೆಯ ಎಳೆ ಹೆಚ್ಚು ಸ್ಪಷ್ಟವಾಗಿರುವುದರಿಂದ ಮಲೆನಾಡನ್ನು ಕಾಣದವನಿಗೆ ಅದೇ ಹೆಬ್ಬಾಗಿಲು.

ದೇವನೂರ ಮಹಾದೇವರ ‘ಕುಸುಮಬಾಲೆ’ಗೆ ೧೯೯೦ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು. ಗಾತ್ರದಲ್ಲಿ ಚಿಕ್ಕದಾದರೂ ಹಳಗನ್ನಡದ ನಿಘಂಟುಗಳನ್ನು ಕಂಠಸ್ಥ ಮಾಡಿಕೊಂಡ ವಿದ್ವಾಂಸರು ಕೂಡ ಇದರ ಮೊದಲ ಪುಟದಲ್ಲಿ ತಡವರಿಸುವುದುಂಟು. ನಂಜನಗೂಡಿನ ಸೀಮೆಯ ಆಡುಮಾತು ಇಲ್ಲಿ ಕಾವ್ಯವಾಗಿ ನಿಂತಿದೆ. ಕಣ್ಣಿಗೆ ಕಠಿಣವಾದ ಈ ಪುಸ್ತಕ ಬಾಯಿಬಿಟ್ಟು ಓದಿದಾಗ ತೆರೆದುಕೊಳ್ಳುತ್ತದೆ. ಇದನ್ನು ಸೂಚಿಸುವವರು ಗಮಕಿಯ ಹಳೆಯ ಕ್ರಮಕ್ಕೆ ಮರಳಿ, ನಾಲ್ಕು ಜನ ಕುಳಿತಲ್ಲಿ ಎರಡು ಪುಟವನ್ನು ತಾವೇ ಓದಿ ತೋರಿಸಿದರೆ ಬೇರೆ ವ್ಯಾಖ್ಯಾನ ಬೇಕಾಗುವುದಿಲ್ಲ.

ಕಥೆಯನ್ನು ಎಷ್ಟು ಹೇಳಬೇಕೆಂಬುದು ಎಲ್ಲರನ್ನೂ ಕಾಡುವ ಪ್ರಶ್ನೆ. ಉತ್ಸಾಹಿಯಾದ ವಾಚಕನು ಮೆಚ್ಚಿದ ಕಾದಂಬರಿಯನ್ನು ಕೊನೆಯವರೆಗೆ ಹೇಳಿ, ಇನ್ನು ಓದಿರಿ ಎನ್ನುತ್ತಾನೆ. ಕೇಳಿದವನಿಗೆ ಓದಲು ಏನುಳಿಯಿತು? ನಾಟ್ಯಶಾಸ್ತ್ರದಲ್ಲಿ ಕಥಾವಸ್ತುವಿಗೆ ಬೀಜ, ಬಿಂದು, ಪತಾಕಾ, ಪ್ರಕರೀ, ಕಾರ್ಯ ಎಂದು ಐದು ಅರ್ಥಪ್ರಕೃತಿಗಳನ್ನು ಹೇಳಿದೆ. ಸೂಚಿಸುವವನು ಬೀಜವನ್ನು ಹೇಳಿ ನಿಲ್ಲಬೇಕು, ಕಾರ್ಯವನ್ನು ಮುಟ್ಟಬಾರದು. ತನ್ನದೆಂಬ ತುಂಡು ನೆಲವನ್ನು ಉಳಬೇಕೆಂಬ ಆಸೆ ಹೊಲೆಯರ ಚೋಮನಿಗೆ ಹುಟ್ಟಿತು, ಆ ಆಸೆಗೆ ಊರು ಒಪ್ಪದು. ಇದು ಬೀಜ. ಇಷ್ಟು ಕೇಳಿದವನು ದುಡಿಯ ಗತಿಯೇನಾಯಿತೆಂಬುದನ್ನು ತಾನೇ ಹೋಗಿ ಕಂಡುಕೊಳ್ಳುತ್ತಾನೆ. ಹಾರುವ ಓತಿಯೊಂದು ಕಾಡಿನಲ್ಲಿದೆಯೆಂಬ ಸುದ್ದಿಯನ್ನು ಹಿಡಿದು ವಿಜ್ಞಾನಿಯೊಬ್ಬನೂ ಹಳ್ಳಿಗರೂ ಹೊರಡುತ್ತಾರೆ. ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ಗೆ ಇಷ್ಟು ಪರಿಚಯ ಸಾಕು, ಹದಿನಾಲ್ಕು ವರ್ಷದ ಹುಡುಗನು ಮರುದಿನವೇ ಗ್ರಂಥಾಲಯದ ಬಾಗಿಲಲ್ಲಿರುತ್ತಾನೆ.

ಹೊಗಳಿಕೆಯಲ್ಲಿಯೂ ಮಿತಿ ಬೇಕು. ಅದ್ಭುತ, ಅಮೋಘ, ಅದ್ವಿತೀಯ ಎಂಬ ವಿಶೇಷಣಗಳನ್ನು ಪ್ರತಿವಾರವೂ ಬಳಸುವವನ ಮಾತಿಗೆ ನಾಲ್ಕನೆಯ ವಾರ ಬೆಲೆಯಿರುವುದಿಲ್ಲ. ನಡುವೆ ನೂರು ಪುಟ ಎಳೆದಿದೆ, ಸಂಭಾಷಣೆ ಸ್ವಲ್ಪ ಕೃತಕ, ಆದರೂ ಆ ಮುದುಕಿಯ ಪಾತ್ರಕ್ಕಾಗಿ ಓದಬೇಕು ಎಂದು ಹೇಳಿದರೆ ಅದರಲ್ಲಿ ತೂಕವುಂಟು. ಅ.ನ.ಕೃ. ಅವರು ನೂರಕ್ಕೂ ಹೆಚ್ಚು ಕಾದಂಬರಿಗಳನ್ನು ಬರೆದರು. ಅವೆಲ್ಲವೂ ಒಂದೇ ಮಟ್ಟದವೆಂದು ಅವರ ಅಭಿಮಾನಿಗಳೂ ಹೇಳಲಾರರು. ಅವರನ್ನು ಓದದವನಿಗೆ ಸಂಗೀತಗಾರನ ಬಾಳಿನ ‘ಸಂಧ್ಯಾರಾಗ’ವನ್ನು ಆರಿಸಿ ಕೊಡುವುದೇ ಉಪಕಾರ.

ಪಂಡಿತರು ಮೂಗು ಮುರಿಯುವ ವಿಷಯವೊಂದನ್ನು ಇಲ್ಲಿ ಹೇಳದೆ ವಿಧಿಯಿಲ್ಲ. ಎನ್. ನರಸಿಂಹಯ್ಯನವರ ಪತ್ತೇದಾರಿ ಕಾದಂಬರಿಗಳು ಒಂದು ಕಾಲದಲ್ಲಿ ಬಾಡಿಗೆಗೆ ಪುಸ್ತಕ ಕೊಡುವ ಅಂಗಡಿಗಳಲ್ಲಿ ನಿಲ್ಲುತ್ತಲೇ ಇರಲಿಲ್ಲ. ಶಾಲಾ ವಿದ್ಯೆ ಅಲ್ಪವಾಗಿದ್ದ ಆ ಲೇಖಕರು ನೂರಾರು ಕಾದಂಬರಿಗಳನ್ನು ಬರೆದು, ಪತ್ತೇದಾರ ಪುರುಷೋತ್ತಮನನ್ನು ಮನೆಮಾತಾಗಿಸಿದರು. ಅವುಗಳಲ್ಲಿ ರಸಪರಿಪಾಕವನ್ನು ಹುಡುಕುವುದು ವ್ಯರ್ಥ. ಆದರೆ ಅಕ್ಷರವನ್ನು ಕೂಡಿಸಿ ಓದುತ್ತಿದ್ದ ಕೂಲಿಕಾರರು, ಸಣ್ಣ ಅಂಗಡಿಕಾರರು, ಹದಿಹರೆಯದ ಹುಡುಗರು ನೂರು ಪುಟವನ್ನು ಉಸಿರು ಬಿಡದೆ ಓದಿ ಮುಗಿಸುವುದನ್ನು ಕಲಿತುದು ಅಲ್ಲಿ. ಪತ್ತೇದಾರಿಯನ್ನು ಮೆಚ್ಚುವವನ ಕೈಯಿಂದ ಅದನ್ನು ಕಿತ್ತುಕೊಂಡು ‘ವಂಶವೃಕ್ಷ’ವನ್ನು ಹೇರಿದರೆ ಆತ ಎರಡನ್ನೂ ಬಿಟ್ಟು ಹೋಗುತ್ತಾನೆ. ಗೂಢವೂ ವೇಗವೂ ಉಳ್ಳದ್ದನ್ನು ಬಯಸುವ ಅವನಿಗೆ ತೇಜಸ್ವಿಯವರ ‘ಚಿದಂಬರ ರಹಸ್ಯ’ ಮುಂದಿನ ಮೆಟ್ಟಿಲಾದೀತು. ಮೆಟ್ಟಿಲನ್ನು ಏರದೆ ಅಲ್ಲಿಯೇ ಕುಳಿತರೂ ನಷ್ಟವೇನಿಲ್ಲ; ಕುಳಿತು ಓದುತ್ತಿದ್ದಾನಷ್ಟೆ.

ಐತಿಹಾಸಿಕ ಕಾದಂಬರಿಗಳ ಬಗೆಗೆ ಬೇರೊಂದು ಎಚ್ಚರಿಕೆ ಬೇಕಾಗುತ್ತದೆ. ಮಾಸ್ತಿಯವರ ‘ಚಿಕವೀರ ರಾಜೇಂದ್ರ’ ೧೮೩೪ರಲ್ಲಿ ರಾಜ್ಯವನ್ನು ಕಳೆದುಕೊಂಡ ಕೊಡಗಿನ ಕೊನೆಯ ಅರಸನ ಕಥೆ. ತ.ರಾ.ಸು. ಅವರ ‘ದುರ್ಗಾಸ್ತಮಾನ’ವು ೧೭೭೯ರಲ್ಲಿ ಹೈದರಾಲಿಗೆ ಚಿತ್ರದುರ್ಗ ಬಿದ್ದ ಪ್ರಸಂಗವನ್ನು ಹೇಳುತ್ತದೆ, ಲೇಖಕರು ಕಾಲವಾದ ಮೇಲೆ, ೧೯೮೫ರಲ್ಲಿ, ಅಕಾಡೆಮಿಯ ಗೌರವ ಅದಕ್ಕೆ ಸಂದಿತು. ಬಿ. ಪುಟ್ಟಸ್ವಾಮಯ್ಯನವರು ಹನ್ನೆರಡನೆಯ ಶತಮಾನದ ಕಲ್ಯಾಣವನ್ನು ಕುರಿತು ಆರು ಕಾದಂಬರಿಗಳ ಮಾಲೆಯನ್ನೇ ಹೆಣೆದರು. ‘ಉದಯರವಿ’ಯಿಂದ ಮೊದಲಾಗುವ ಆ ಮಾಲೆಯ ಕಡೆಯ ಕೃತಿ ‘ಕ್ರಾಂತಿ ಕಲ್ಯಾಣ’ಕ್ಕೆ ೧೯೬೪ರಲ್ಲಿ ಅಕಾಡೆಮಿಯ ಪ್ರಶಸ್ತಿ ದೊರೆಯಿತು. ಇಂದು ಅದರ ಮೊದಲ ಸಂಪುಟಗಳನ್ನು ಕೇಳುವವರು ವಿರಳ. ಕೊನೆಯದನ್ನು ಮಾತ್ರ ಒಯ್ದು, ಪಾತ್ರಗಳ ಹಿನ್ನೆಲೆ ತಿಳಿಯದೆ ಹಿಂತಿರುಗಿಸುತ್ತಾರೆ. ಮಾಲೆಯೆಂದು ಹೇಳಿಯೇ ಕೊಡಬೇಕು. ಜೊತೆಗೆ ಕಾದಂಬರಿಕಾರನು ಶಾಸನದ ಸಾಲುಗಳ ನಡುವಿನ ತೆರಪನ್ನು ಕಲ್ಪನೆಯಿಂದ ತುಂಬುತ್ತಾನೆಂಬುದನ್ನೂ ತಿಳಿಸಬೇಕು. ಬಸವಣ್ಣ ಬಿಜ್ಜಳರು ಕಾದಂಬರಿಯಲ್ಲಿ ಆಡುವ ಮಾತನ್ನು ಚರಿತ್ರೆಯ ಮಾತೆಂದು ಸಭೆಗಳಲ್ಲಿ ಉದ್ಧರಿಸುವ ಭಾಷಣಕಾರರು ಇದ್ದಾರೆ.

ಮಠಮಾನ್ಯಗಳ ಆಶ್ರಯದಲ್ಲಿರುವ ವಾಚನಾಲಯಗಳಲ್ಲಿ ಇನ್ನೊಂದು ಪ್ರಶ್ನೆ ಏಳುತ್ತದೆ. ಬಸವರಾಜ ಕಟ್ಟೀಮನಿಯವರ ‘ಜರತಾರಿ ಜಗದ್ಗುರು’ವಿನಂತಹ, ಮಠಾಧಿಪತ್ಯದ ಆಡಂಬರವನ್ನು ವಿಡಂಬಿಸುವ ಕಾದಂಬರಿಯನ್ನು ಇಂತಹ ಕಡೆ ಇಡಬಹುದೇ, ಇಟ್ಟರೂ ಸೂಚಿಸಬಹುದೇ? ಮುಚ್ಚಿಟ್ಟ ಪುಸ್ತಕವನ್ನು ಹುಡುಗರು ಎಲ್ಲಿಂದಲಾದರೂ ತಂದು ಹಾಸಿಗೆಯ ಕೆಳಗಿಟ್ಟುಕೊಂಡು ಓದುತ್ತಾರೆ. ಆಗ ಅವರೊಡನೆ ಮಾತನಾಡಲು ಹಿರಿಯರು ಯಾರೂ ಇರುವುದಿಲ್ಲ. ಡಂಭಾಚಾರವನ್ನು ನಿಷ್ಠುರವಾಗಿ ಖಂಡಿಸಿದ ಶರಣರ ಪರಂಪರೆಯನ್ನು ಗೌರವಿಸುವ ಸ್ಥಳದಲ್ಲಿ ವಿಡಂಬನೆಯ ಪುಸ್ತಕಕ್ಕೆ ಅಂಜುವುದು ಉಚಿತವಾಗಿ ಕಾಣದು.

ಸ್ತ್ರೀಯರು ಬರೆದ ಕಾದಂಬರಿಗಳನ್ನು ಸ್ತ್ರೀಯರಿಗೇ ಸೂಚಿಸುವ ಪದ್ಧತಿಯೊಂದು ಹೇಗೋ ಬೆಳೆದಿದೆ. ಎಂ.ಕೆ. ಇಂದಿರಾ ಅವರ ಮೊದಲ ಕಾದಂಬರಿ ‘ತುಂಗಭದ್ರಾ’ ಹೊರಬಂದುದು ೧೯೬೩ರಲ್ಲಿ, ಅವರು ನಲವತ್ತೈದನ್ನು ದಾಟಿದ ಮೇಲೆ. ೧೯೭೬ರ ‘ಫಣಿಯಮ್ಮ’ ನಿಜವಾಗಿ ಬಾಳಿದ ಬಾಲವಿಧವೆಯೊಬ್ಬರ ಕಥೆ. ಈ ಪುಸ್ತಕವನ್ನು ಮೊದಲು ಓದಬೇಕಾದವರು ಮನೆಯ ಯಜಮಾನರು. ಸೂಚಿಸುವ ಧೈರ್ಯ ಮನೆಯವರಿಗಿಲ್ಲದಿದ್ದರೆ ಗ್ರಂಥಾಲಯದ ಮೇಜಿನ ಬಳಿ ಕುಳಿತ ಗೆಳೆಯನು ಆ ಕೆಲಸವನ್ನು ಮಾಡಬಹುದು.

ಕಾದಂಬರಿಯೆಂದರೆ ಬೇಸರಿಸುವವರೂ ಇದ್ದಾರೆ. ಸುಳ್ಳು ಕಥೆ ತಮಗೇಕೆನ್ನುವ ಅವರಿಗೆ ಕಾರಂತರ ‘ಹುಚ್ಚು ಮನಸ್ಸಿನ ಹತ್ತು ಮುಖಗಳು’, ಡಿ.ವಿ.ಜಿ.ಯವರ ‘ಜ್ಞಾಪಕ ಚಿತ್ರಶಾಲೆ’, ಗೊರೂರರ ‘ಹಳ್ಳಿಯ ಚಿತ್ರಗಳು’ ಇವೆ. ವಿಜ್ಞಾನದ ವಿದ್ಯಾರ್ಥಿಗಂತೂ ಬಿ.ಜಿ.ಎಲ್. ಸ್ವಾಮಿಯವರ ‘ಹಸುರು ಹೊನ್ನು’ವಿಗೆ ಸಮನಾದುದು ಸಿಗುವುದು ಕಷ್ಟ. ಸಸ್ಯಶಾಸ್ತ್ರದ ಪ್ರಾಧ್ಯಾಪಕರು ಶಿಷ್ಯರನ್ನು ಕಟ್ಟಿಕೊಂಡು ಕಾಡು ಸುತ್ತಿ ಗಿಡಗಳನ್ನು ಗುರುತಿಸುವ ಈ ಪುಸ್ತಕದಲ್ಲಿ ನಗೆಯೂ ಶಾಸ್ತ್ರವೂ ಬೆರೆತಿವೆ. ಚಿತ್ರಗಳನ್ನೂ ಅವರೇ ಬರೆದಿದ್ದಾರೆ. ೧೯೭೮ರಲ್ಲಿ ಇದಕ್ಕೆ ಅಕಾಡೆಮಿಯ ಪ್ರಶಸ್ತಿ ಬಂದಿದ್ದರೂ ಅನೇಕ ಗ್ರಂಥಾಲಯಗಳಲ್ಲಿ ಇದು ಸಸ್ಯಶಾಸ್ತ್ರದ ಪಠ್ಯಗಳ ನಡುವೆ ಸಿಕ್ಕಿಕೊಂಡು, ಸಾಹಿತ್ಯವನ್ನು ಅರಸುವವರ ಕಣ್ಣಿಗೆ ಬೀಳುವುದೇ ಇಲ್ಲ.

ಪುಸ್ತಕದ ಹೆಸರನ್ನು ಮಾತ್ರ ಹೇಳಿ ಕಳುಹಿಸಿದರೆ ಸಾಲದೆಂಬುದಕ್ಕೆ ಇಂತಹ ತೊಡಕುಗಳೇ ಸಾಕ್ಷಿ. ಕಾವ್ಯನಾಮಗಳದೂ ಒಂದು ತೊಡಕು. ತ್ರಿವೇಣಿಯವರ ನಿಜನಾಮ ಅನಸೂಯಾ ಶಂಕರ್, ನಿರಂಜನರದು ಕುಳಕುಂದ ಶಿವರಾವ್, ರಾವಬಹಾದ್ದೂರರದು ಆರ್.ಬಿ. ಕುಲಕರ್ಣಿ, ಗಳಗನಾಥರದು ವೆಂಕಟೇಶ ತಿರಕೊ ಕುಲಕರ್ಣಿ. ಗ್ರಂಥಸೂಚಿಯಲ್ಲಿ ಯಾವ ಹೆಸರಿನ ಕೆಳಗೆ ನಮೂದಿಸಿದ್ದಾರೋ ನೋಡದೆ, ಪುಸ್ತಕವೇ ಇಲ್ಲವೆಂದು ಹಿಂದಿರುಗಬಾರದು. ೨೦೨೫ರಲ್ಲಿ ಬಾನು ಮುಷ್ತಾಕ್ ಅವರ ಕಥೆಗಳ ಇಂಗ್ಲಿಷ್ ಅನುವಾದಕ್ಕೆ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ದೊರೆತಾಗ ಅನೇಕರು ‘ಹಾರ್ಟ್ ಲ್ಯಾಂಪ್’ನ ಕನ್ನಡ ಮೂಲವನ್ನು ಕೇಳಿಕೊಂಡು ಬಂದರು. ದೀಪಾ ಭಾಸ್ತಿಯವರು ಅನುವಾದಿಸಿದ ಆ ಹನ್ನೆರಡು ಕಥೆಗಳು ಕನ್ನಡದ ಯಾವುದೋ ಒಂದು ಪುಸ್ತಕದ ಭಾಷಾಂತರವಾಗಿರದೆ ಹಲವು ವರ್ಷಗಳ ಕಥೆಗಳಿಂದ ಆಯ್ದವು. ಕೇಳಬೇಕಾದುದು ಲೇಖಕಿಯ ಕಥಾಸಂಕಲನಗಳನ್ನು.

ಗ್ರಂಥಾಲಯದಲ್ಲಿ ಇಲ್ಲದ ಪುಸ್ತಕವನ್ನು ತರಿಸಲು ಅಲ್ಲಿ ಇಟ್ಟಿರುವ ಸಲಹಾ ಪುಸ್ತಕದಲ್ಲಿ ಬರೆಯಬೇಕು. ಗ್ರಂಥಕರ್ತನ ಹೆಸರು, ಪ್ರಕಾಶಕರು, ಸಾಧ್ಯವಾದರೆ ಮುದ್ರಣದ ವರ್ಷ ಇಷ್ಟನ್ನು ತಿಳಿಸಿ, ಯಾರಿಗಾಗಿ ಬೇಕೆಂಬುದನ್ನು ಒಂದು ಸಾಲಿನಲ್ಲಿ ಸೇರಿಸಿದರೆ ಆಯ್ಕೆ ಮಾಡುವವರಿಗೆ ಅನುಕೂಲ. ೧೯೬೫ರ ಸಾರ್ವಜನಿಕ ಗ್ರಂಥಾಲಯ ಅಧಿನಿಯಮದಿಂದ ನಾಡಿನಲ್ಲಿ ಗ್ರಂಥಾಲಯಗಳ ಜಾಲ ಹಬ್ಬಿತು. ಗ್ರಾಮ ಪಂಚಾಯಿತಿಯ ಗ್ರಂಥಾಲಯಗಳು ೨೦೧೯ರಲ್ಲಿ ಗ್ರಾಮೀಣಾಭಿವೃದ್ಧಿ ಇಲಾಖೆಗೆ ವರ್ಗವಾಗಿ, ಮರುವರ್ಷ ‘ಓದುವ ಬೆಳಕು’ ಕಾರ್ಯಕ್ರಮದಿಂದ ಹಳ್ಳಿಯ ಮಕ್ಕಳಿಗೂ ಬಾಗಿಲು ತೆರೆದವು. ಅಲ್ಲಿಗೆ ಬರುವ ಮಗುವಿಗೆ ಎರಡು ತರಗತಿ ಮುಂದಿರುವ ಮತ್ತೊಂದು ಮಗು ಹೇಳುವ ಮಾತು ಯಾವ ಅಧ್ಯಾಪಕರ ಮಾತಿಗಿಂತಲೂ ಬೇಗ ತಲಪುತ್ತದೆ.

ಸೂಚಿಸಿದ ಮೇಲೆ ಓದಿದಿರಾ, ಎಷ್ಟಾಯಿತು, ಹೇಗಿದೆ ಎಂದು ದಿನವೂ ವಿಚಾರಿಸುವುದು ಒಳ್ಳೆಯದಲ್ಲ. ಅದು ಮತ್ತೆ ಪರೀಕ್ಷೆಯೇ ಆಗುತ್ತದೆ. ತಾನಾಗಿ ಬಂದು, ಹಿಡಿಸಲಿಲ್ಲವೆಂದು ಆತ ಹೇಳಿದರೆ ಕಾರಣವನ್ನು ಕೇಳಿ ತಿಳಿಯಬೇಕು. ಮುಂದಿನ ಪುಸ್ತಕವನ್ನು ಆರಿಸಲು ಅದಕ್ಕಿಂತ ಒಳ್ಳೆಯ ಸುಳಿವಿಲ್ಲ. ಮೆಚ್ಚಿದ ಪುಸ್ತಕವನ್ನು ಹಿಂತಿರುಗಿಸದೆ ನೇರವಾಗಿ ಗೆಳೆಯನ ಮನೆಗೆ ಕೊಟ್ಟುಬಿಡುವ ಅಭ್ಯಾಸ ಕೆಲವರಲ್ಲಿದೆ. ಆತ ಅದನ್ನು ಮತ್ತೊಬ್ಬರಿಗೆ ಕೊಡುತ್ತಾನೆ, ಅವರು ಬೀಗರ ಊರಿಗೆ ಒಯ್ಯುತ್ತಾರೆ. ದಂಡದ ಚೀಟಿ ಬರುವುದು ಮಾತ್ರ ಮೊದಲಿನವರ ಹೆಸರಿಗೆ. ಇಬ್ಬರೂ ಒಟ್ಟಿಗೆ ಹೋಗಿ, ಒಬ್ಬರ ಹೆಸರಿನ ನಮೂದನ್ನು ಹೊಡೆಸಿ ಮತ್ತೊಬ್ಬರ ಹೆಸರಿಗೆ ಬರೆಯಿಸಿಕೊಳ್ಳಲು ಐದು ನಿಮಿಷ ಹಿಡಿಯುತ್ತದೆ. ದಿನಾಂಕದ ಚೀಟಿಯ ಮೇಲೆ ಒಂದು ಮುದ್ರೆಯೂ ಹೆಚ್ಚುತ್ತದೆ.